ಹೊಸ ಫೆಡರಲ್ ತೆರಿಗೆ ಕಾನೂನಿನ ನಂತರ ನಿವೃತ್ತಿ ಯೋಜನೆಯ ತಂತ್ರಾಂಶ ತಪ್ಪು ಲೆಕ್ಕ ತೋರಿಸಿದಾಗ: ದೋಷ ನಿವಾರಣೆ ಕೈಪಿಡಿ

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್ ಆ್ಯಕ್ಟ್’ ಫೆಡರಲ್ ಆದಾಯ ತೆರಿಗೆಯ ಲೆಕ್ಕವನ್ನು ಹಲವು ಕಡೆ ಬದಲಿಸಿತು. 2017ರ ಕಾಯ್ದೆಯ ತೆರಿಗೆ ದರಗಳು 2025ರ ಕೊನೆಗೆ ಮುಗಿದು ಹಳೆಯ, ಹೆಚ್ಚಿನ ದರಗಳು ಮರಳಬೇಕಿತ್ತು. ಆ ಗಡುವನ್ನು ಈ ಕಾನೂನು ತೆಗೆದುಹಾಕಿತು. 65 ದಾಟಿದವರಿಗೆ ನಾಲ್ಕೇ ವರ್ಷ ಸಿಗುವ ಹೊಸದೊಂದು ಕಡಿತವನ್ನು (ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ) ತಂದಿತು, ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತದ ಮಿತಿಯನ್ನು ಕೆಲವು ವರ್ಷಗಳ ಮಟ್ಟಿಗೆ ಏರಿಸಿತು. ಮುಂದಿನ ಮೂವತ್ತು ವರ್ಷಗಳ ಆದಾಯ, ಖರ್ಚು, ತೆರಿಗೆಗಳನ್ನು ಅಂದಾಜು ಮಾಡುವ ತಂತ್ರಾಂಶಕ್ಕೆ ಇವುಗಳಲ್ಲಿ ಪ್ರತಿಯೊಂದೂ ಒಂದೊಂದು ಬಗೆಯ ಸವಾಲು.

ತಂತ್ರಾಂಶವನ್ನು ನವೀಕರಿಸಿದ ಮೇಲೂ ಲೆಕ್ಕ ಸರಿಯಿಲ್ಲ ಎಂದು ಅನುಮಾನ ಬಂದವರಿಗಾಗಿ ಈ ಕೈಪಿಡಿ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೆಕ್ಸಾಸ್‌ಗಳಿಗೆ ಬಂದು ನೆಲೆಸಿದ ಕನ್ನಡಿಗ ಇಂಜಿನಿಯರುಗಳಲ್ಲಿ ಅನೇಕರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಕೆಲವರು ತಾವೇ ಬರೆದ ಸ್ಪ್ರೆಡ್‌ಶೀಟ್ ನಂಬುತ್ತಾರೆ, ಕೆಲವರು ಚಂದಾ ಕಟ್ಟಿ ತಂತ್ರಾಂಶ ಬಳಸುತ್ತಾರೆ. ಕೆಳಗಿನ ವಿಧಾನ ಇಬ್ಬರಿಗೂ ಒಂದೇ. ಒಂದು ವಿಷಯವನ್ನು ಮೊದಲೇ ಹೇಳಬೇಕು: ಕಾನೂನು ಬದಲಾದ ಮೇಲೆ ಬರುವ ದೋಷಗಳಲ್ಲಿ ಅಂಕಿಯನ್ನೇ ತಪ್ಪಾಗಿ ಬರೆದದ್ದು ಅಪರೂಪ. ಅಂಕಿ ಸರಿಯಾಗಿಯೇ ಇರುತ್ತದೆ, ಆದರೆ ಲೆಕ್ಕದ ಸರಪಳಿಯಲ್ಲಿ ಅದು ಕುಳಿತಿರುವ ಜಾಗ ತಪ್ಪಿರುತ್ತದೆ ಅಥವಾ ಅದು ಜಾರಿಯಲ್ಲಿರುವ ವರ್ಷಗಳು ತಪ್ಪಿರುತ್ತವೆ. ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು.

ಹುಡುಕುವ ಮೊದಲು ಗದ್ದಲ ತಗ್ಗಿಸಿ

ಬಹುತೇಕ ತಂತ್ರಾಂಶಗಳು ಮಾಂಟೆ ಕಾರ್ಲೊ ವಿಧಾನದಲ್ಲಿ ಸಾವಿರಾರು ಸಲ ಲೆಕ್ಕ ಓಡಿಸಿ, ಯೋಜನೆ ಗೆಲ್ಲುವ ಸಾಧ್ಯತೆ ಶೇಕಡಾ ಇಂತಿಷ್ಟು ಎಂದು ಹೇಳುತ್ತವೆ. ಆ ಶೇಕಡಾವಾರು ಅಂಕಿಯನ್ನು ಇಟ್ಟುಕೊಂಡು ತೆರಿಗೆಯ ದೋಷ ಹುಡುಕಲು ಸಾಧ್ಯವಿಲ್ಲ, ಏಕೆಂದರೆ ಮಾರುಕಟ್ಟೆಯ ಏರಿಳಿತದ ಮುಂದೆ ಸಾವಿರ ಡಾಲರಿನ ತೆರಿಗೆ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಮಾಂಟೆ ಕಾರ್ಲೊ ನಿಲ್ಲಿಸಿ, ಹೂಡಿಕೆಯ ಬೆಳವಣಿಗೆಯನ್ನು ಸೊನ್ನೆ ಮಾಡಿ, ಹಣದುಬ್ಬರವನ್ನೂ ಸದ್ಯಕ್ಕೆ ಸೊನ್ನೆ ಮಾಡಿ, ರಾಜ್ಯವನ್ನು ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸ್ ಎಂದು ಇಟ್ಟುಕೊಳ್ಳಿ. ಇಷ್ಟಾದರೆ ಪರದೆಯ ಮೇಲೆ ಉಳಿಯುವುದು ಫೆಡರಲ್ ತೆರಿಗೆ ಒಂದೇ.

ಎರಡನೆಯದಾಗಿ, ಹಳೆಯ ಯೋಜನೆಯ ಕಡತವನ್ನು ತೆರೆಯದೆ ಹೊಸ ಯೋಜನೆಯೊಂದನ್ನು ಮೊದಲಿನಿಂದ ಸೃಷ್ಟಿಸಿ. 2025ಕ್ಕೆ ಮುಂಚೆ ‘2026ರಲ್ಲಿ ಹಳೆಯ ದರಗಳು ಮರಳುತ್ತವೆ’ ಎಂಬ ಆಯ್ಕೆಯನ್ನು ಅನೇಕ ತಂತ್ರಾಂಶಗಳು ಬಳಕೆದಾರರ ಮುಂದಿಟ್ಟಿದ್ದವು, ಅದು ಯೋಜನೆಯ ಕಡತದ ಒಳಗೇ ಉಳಿದುಬಿಡುತ್ತಿತ್ತು. ತಂತ್ರಾಂಶ ಹೊಸದಾದರೂ ಕಡತದ ಒಳಗಿನ ಆಯ್ಕೆ ಹಳೆಯದೇ ಆಗಿರಬಹುದು. ಹೊಸ ಯೋಜನೆಯಲ್ಲಿ ಲೆಕ್ಕ ಸರಿ ಬಂದು, ಅದೇ ವಿವರಗಳಿರುವ ಹಳೆಯ ಯೋಜನೆಯಲ್ಲಿ ತಪ್ಪು ಬಂದರೆ ದೋಷ ಕಡತದ್ದು. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯನ್ನು ಹುಡುಕಿ ತೆಗೆದುಹಾಕಿದರೆ ಸಾಕಾಗುತ್ತದೆ, ಮುಂದಿನ ಯಾವ ಹಂತವೂ ಬೇಕಾಗದು.

ಕೈಯಲ್ಲೇ ಲೆಕ್ಕ ಹಾಕಬಹುದಾದ ಒಂದು ಕುಟುಂಬ

ತಂತ್ರಾಂಶದ ಉತ್ತರವನ್ನು ಇನ್ನೊಂದು ತಂತ್ರಾಂಶದ ಉತ್ತರದೊಂದಿಗೆ ಹೋಲಿಸುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಎರಡೂ ತಪ್ಪಿರಬಹುದು. ಕಾಗದದ ಮೇಲೆ ನಾವೇ ಹಾಕಿದ ಲೆಕ್ಕದೊಂದಿಗೆ ಹೋಲಿಸಬೇಕು. ಅದಕ್ಕಾಗಿ ಈ ಕುಟುಂಬವನ್ನು ತೆಗೆದುಕೊಳ್ಳಿ: ಗಂಡ ಹೆಂಡತಿ ಇಬ್ಬರಿಗೂ 67 ವರ್ಷ, ಜಂಟಿಯಾಗಿ ರಿಟರ್ನ್ ಸಲ್ಲಿಸುತ್ತಾರೆ, ತೆರಿಗೆ ವರ್ಷ 2026. ಇಬ್ಬರ ಸೋಶಿಯಲ್ ಸೆಕ್ಯುರಿಟಿ (ಸರ್ಕಾರ ಕೊಡುವ ನಿವೃತ್ತಿ ವೇತನ) ಸೇರಿ 48,000 ಡಾಲರ್, ಸಾಂಪ್ರದಾಯಿಕ ಐಆರ್‌ಎಯಿಂದ (ಹಣ ತೆಗೆಯುವಾಗ ತೆರಿಗೆ ಬೀಳುವ ನಿವೃತ್ತಿ ಉಳಿತಾಯ ಖಾತೆ) ತೆಗೆದದ್ದು 60,000, ಬ್ಯಾಂಕ್ ಬಡ್ಡಿ 6,000. ಬೇರೆ ಆದಾಯವಿಲ್ಲ.

ಮೊದಲ ಹೆಜ್ಜೆ ಸೋಶಿಯಲ್ ಸೆಕ್ಯುರಿಟಿಯ ಎಷ್ಟು ಭಾಗ ತೆರಿಗೆಗೆ ಒಳಪಡುತ್ತದೆ ಎಂಬುದು. ಉಳಿದ ಆದಾಯ 66,000ಕ್ಕೆ ಸೋಶಿಯಲ್ ಸೆಕ್ಯುರಿಟಿಯ ಅರ್ಧ 24,000 ಸೇರಿಸಿದರೆ 90,000 ಆಗುತ್ತದೆ. ಇದು ಜಂಟಿ ಸಲ್ಲಿಕೆಯ ಎರಡನೆಯ ಮಿತಿಯಾದ 44,000ವನ್ನು ಬಹಳ ದಾಟಿರುವುದರಿಂದ ಗರಿಷ್ಠ ಪ್ರಮಾಣವಾದ ಶೇಕಡಾ 85, ಅಂದರೆ 40,800 ಡಾಲರ್ ತೆರಿಗೆಗೆ ಸೇರುತ್ತದೆ. ಆಗ ಹೊಂದಾಣಿಕೆಯ ನಂತರದ ಒಟ್ಟು ಆದಾಯ, ಎಲ್ಲರೂ ಎಜಿಐ ಎನ್ನುವುದು, 1,06,800. ಇದರಿಂದ ಮೊದಲು ಕಳೆಯಬೇಕಾದದ್ದು 2026ರ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ವಿವರ ಕೊಡದೆ ಕಳೆಯಬಹುದಾದ ನಿಗದಿತ ಮೊತ್ತ) 32,200 ಮತ್ತು 65 ದಾಟಿದ್ದಕ್ಕಾಗಿ ಮೊದಲಿನಿಂದಲೂ ಇರುವ ಹೆಚ್ಚುವರಿ ತಲಾ 1,650, ಒಟ್ಟು 35,500. ಅದಾದ ಮೇಲೆ ಹೊಸ ಕಾನೂನಿನ ಹಿರಿಯರ ಕಡಿತ ತಲಾ 6,000ದಂತೆ 12,000. ತೆರಿಗೆಗೆ ಒಳಪಡುವ ಆದಾಯವಾಗಿ ಉಳಿಯುವುದು 59,300. ಮೊದಲ 24,800ಕ್ಕೆ ಶೇಕಡಾ 10ರಂತೆ 2,480, ಉಳಿದ 34,500ಕ್ಕೆ ಶೇಕಡಾ 12ರಂತೆ 4,140. ಒಟ್ಟು ತೆರಿಗೆ 6,620 ಡಾಲರ್.

ಈ 6,620ನ್ನು ಬರೆದಿಟ್ಟುಕೊಂಡು ಇದೇ ವಿವರಗಳನ್ನು ತಂತ್ರಾಂಶಕ್ಕೆ ಕೊಡಿ.

ಉತ್ತರದ ಅಂಕಿಯೇ ಕಾರಣವನ್ನು ಹೇಳುತ್ತದೆ

ತಂತ್ರಾಂಶ 8,060 ಎಂದರೆ ಹಿರಿಯರ ಕಡಿತ ಲೆಕ್ಕಕ್ಕೆ ಬಂದೇ ಇಲ್ಲ. 7,340 ಬಂದರೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಡಿತ ಸಿಕ್ಕಿದೆ; ಸಾಮಾನ್ಯವಾಗಿ ಮುಖ್ಯ ಬಳಕೆದಾರರ ವಯಸ್ಸನ್ನು ಮಾತ್ರ ನೋಡಿ ಸಂಗಾತಿಯ ವಯಸ್ಸನ್ನು ನೋಡದ ಸಂಕೇತದಿಂದ (ಕೋಡ್) ಹೀಗಾಗುತ್ತದೆ. ಸಂಗಾತಿಯ ಹುಟ್ಟಿದ ದಿನಾಂಕದ ಜಾಗವನ್ನು ಖಾಲಿ ಬಿಟ್ಟಿದ್ದರೂ ಇದೇ ಉತ್ತರ ಬರುತ್ತದೆ, ಆದ್ದರಿಂದ ಮೊದಲು ಅದನ್ನು ಪರೀಕ್ಷಿಸಿ. 6,735 ಬಂದರೆ 2026ಕ್ಕೂ 2025ರ ಸ್ಲ್ಯಾಬ್ ಮತ್ತು ಸ್ಟ್ಯಾಂಡರ್ಡ್ ಡಿಡಕ್ಷನ್‌ಗಳೇ ಉಳಿದಿವೆ.

7,016 ಎಂಬ ಉತ್ತರದ ಬಗ್ಗೆ ವಿಶೇಷ ಎಚ್ಚರ ಬೇಕು. ನವೀಕರಿಸಿದವರು ಹಿರಿಯರ ಹೊಸ ಕಡಿತವನ್ನು ಹಳೆಯ ಹೆಚ್ಚುವರಿಯ ಬದಲಿ ಎಂದು ಭಾವಿಸಿ 1,650ನ್ನು ಅಳಿಸಿ 6,000 ಬರೆದಾಗ ಈ ಅಂಕಿ ಬರುತ್ತದೆ. ಎರಡೂ ಬೇರೆ ಬೇರೆ ಸೌಲಭ್ಯಗಳು, ಎರಡೂ ಒಟ್ಟಿಗೆ ಸಿಗುತ್ತವೆ. ತೆರಿಗೆ ಕಡಿಮೆಯಾದದ್ದು ಕಾಣುವುದರಿಂದ ಬಳಕೆದಾರರು ನವೀಕರಣ ಸರಿಯಾಗಿದೆ ಎಂದು ನಂಬಿಬಿಡುತ್ತಾರೆ, ಹಾಗಾಗಿ ಈ ದೋಷ ಬಹಳ ಕಾಲ ಪತ್ತೆಯಾಗದೆ ಉಳಿಯುವ ಜಾತಿಯದು.

ಎಲ್ಲಕ್ಕಿಂತ ಆಳದ ದೋಷ 5,912 ಎಂಬ ಉತ್ತರದಲ್ಲಿದೆ. ಇಲ್ಲಿ 12,000ದ ಕಡಿತವನ್ನು ಎಜಿಐ ಬರುವ ಮೊದಲೇ ಕಳೆಯಲಾಗಿದೆ. ಹಾಗೆ ಕಳೆದಾಗ ಸೋಶಿಯಲ್ ಸೆಕ್ಯುರಿಟಿಯ ಪರೀಕ್ಷೆಗೆ ಹೋಗುವ ಆದಾಯ 90,000ದಿಂದ 78,000ಕ್ಕೆ ಇಳಿಯುತ್ತದೆ, ತೆರಿಗೆಗೆ ಸೇರುವ ಸೋಶಿಯಲ್ ಸೆಕ್ಯುರಿಟಿ 40,800ರ ಬದಲು 34,900 ಆಗುತ್ತದೆ, ಒಂದೇ ಕಡಿತದಿಂದ ಎರಡು ಲಾಭ ಸಿಕ್ಕಂತೆ ತೋರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಹಿರಿಯರ ಕಡಿತ ಎಜಿಐ ನಿಗದಿಯಾದ ನಂತರದ್ದು. ರಿಟರ್ನ್‌ನಲ್ಲಿ ಇದಕ್ಕಾಗಿ ಶೆಡ್ಯೂಲ್ 1-ಎ ಎಂಬ ಪ್ರತ್ಯೇಕ ಹಾಳೆಯೇ ಇದೆ. 708 ಡಾಲರಿನ ವ್ಯತ್ಯಾಸ ಸಣ್ಣದೆಂದು ಕಂಡರೂ, ಎಜಿಐಯನ್ನು ಆಧರಿಸಿದ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಕಂತು, ರಾಜ್ಯ ತೆರಿಗೆ, ಹೂಡಿಕೆ ಆದಾಯದ ಹೆಚ್ಚುವರಿ ತೆರಿಗೆ ಎಲ್ಲವೂ ಇದರ ಹಿಂದೆಯೇ ತಪ್ಪುತ್ತವೆ. ಸ್ಪ್ರೆಡ್‌ಶೀಟ್ ಇಟ್ಟುಕೊಂಡವರು ಎಜಿಐ ಇರುವ ಕೋಶದ ಸೂತ್ರವನ್ನು ತೆರೆದು, ಅದರಲ್ಲಿ ಹಿರಿಯರ ಕಡಿತದ ಕೋಶ ಎಲ್ಲಾದರೂ ನುಸುಳಿದೆಯೇ ಎಂದು ನೋಡಬೇಕು.

ಸಾವಿರ ಡಾಲರ್ ಸೇರಿಸಿ ನೋಡುವ ಪರೀಕ್ಷೆ

ಒಟ್ಟು ತೆರಿಗೆ ಅಕಸ್ಮಾತ್ತಾಗಿ ಸರಿಬರುವ ಸಾಧ್ಯತೆ ಇದೆ: ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಬಹುದು. ಆದ್ದರಿಂದ ಐಆರ್‌ಎಯಿಂದ ತೆಗೆಯುವ ಮೊತ್ತವನ್ನು 60,000ದಿಂದ 61,000ಕ್ಕೆ ಏರಿಸಿ, ತೆರಿಗೆ ಎಷ್ಟು ಹೆಚ್ಚಿತು ಎಂದು ನೋಡಿ. ನಮ್ಮ ಕುಟುಂಬ ಶೇಕಡಾ 12ರ ಸ್ಲ್ಯಾಬ್‌ನಲ್ಲಿದೆ, ಸೋಶಿಯಲ್ ಸೆಕ್ಯುರಿಟಿ ಆಗಲೇ ಗರಿಷ್ಠ ಪ್ರಮಾಣದಲ್ಲಿ ಸೇರಿಯಾಗಿದೆ. ಆದ್ದರಿಂದ ಸರಿಯಾದ ಏರಿಕೆ 120 ಡಾಲರ್.

150 ಡಾಲರ್ ಏರಿದರೆ 2017ರ ಕಾಯ್ದೆಗೆ ಮುಂಚಿನ ಶೇಕಡಾ 15ರ ದರ ಒಳಗೆಲ್ಲೋ ಜೀವಂತವಾಗಿದೆ. ಶೇಕಡಾ 10, 12, 22, 24, 32, 35, 37 ಎಂಬ ಏಳು ದರಗಳು ಈಗ ಕೊನೆಯ ದಿನಾಂಕವಿಲ್ಲದೆ ಮುಂದುವರಿಯುತ್ತವೆ. 15, 25, 28, 33, 39.6 ಎಂಬ ಅಂಕಿಗಳು 2026 ಮತ್ತು ನಂತರದ ವರ್ಷಗಳ ಸಾಮಾನ್ಯ ಆದಾಯದ ಯಾವ ಕೋಷ್ಟಕದಲ್ಲೂ ಇರಬಾರದು. 222 ಡಾಲರ್ ಏರಿದರೆ ಮೇಲೆ ಹೇಳಿದ ಎಜಿಐ ದೋಷ ಖಚಿತ. ಸಾವಿರ ಡಾಲರ್ ಸೇರಿಸಿದಾಗ ಇನ್ನೂ 850 ಡಾಲರಿನಷ್ಟು ಸೋಶಿಯಲ್ ಸೆಕ್ಯುರಿಟಿ ತೆರಿಗೆಗೆ ಬಂದಿದೆ ಎಂದೇ ಅದರ ಅರ್ಥ, ಈ ಕುಟುಂಬಕ್ಕೆ ಅದು ಸಾಧ್ಯವಿಲ್ಲ. ತಂತ್ರಾಂಶದ ಒಳಗಿನ ಸಂಕೇತವನ್ನು ನೋಡಲಾಗದವರಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆದಾಯ ಹೆಚ್ಚಾದಂತೆ ಕರಗುವ ಕಡಿತ

ಹಿರಿಯರ ಕಡಿತ ಎಲ್ಲರಿಗೂ ಪೂರ್ತಿ ಸಿಗುವುದಿಲ್ಲ. ಒಂಟಿಯಾಗಿ ಸಲ್ಲಿಸುವವರ ಆದಾಯ 75,000, ಜಂಟಿಯಾಗಿ ಸಲ್ಲಿಸುವವರ ಆದಾಯ 1,50,000 ದಾಟಿದ ಮೇಲೆ, ದಾಟಿದ ಮೊತ್ತದ ಶೇಕಡಾ 6ರಷ್ಟು ಕಡಿತ ಕರಗುತ್ತದೆ. ಇಲ್ಲಿ ತಪ್ಪುವುದು ಬಹಳ ಸುಲಭ. ಈ ಶೇಕಡಾ 6 ಪ್ರತಿಯೊಬ್ಬರ 6,000ದಿಂದ ಪ್ರತ್ಯೇಕವಾಗಿ ಕಳೆಯಬೇಕಾದದ್ದು, ಇಬ್ಬರ ಒಟ್ಟು 12,000ದಿಂದ ಒಂದು ಸಲ ಕಳೆಯುವಂಥದ್ದಲ್ಲ. ಆದ್ದರಿಂದಲೇ ಒಂಟಿಯವರಿಗೆ 1,75,000ದಲ್ಲಿ, ದಂಪತಿಗೆ 2,50,000ದಲ್ಲಿ ಕಡಿತ ಪೂರ್ತಿ ಇಲ್ಲವಾಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ದಂಪತಿಯ ಆದಾಯ ಮೂರು ಲಕ್ಷವಾದರೂ ಕಡಿತದ ಚೂರು ಉಳಿದಿದ್ದರೆ ದೋಷ ಇದೇ.

ಪರೀಕ್ಷಿಸಲು, ಅದೇ ಕುಟುಂಬ 93,200 ಡಾಲರನ್ನು ಸಾಂಪ್ರದಾಯಿಕ ಐಆರ್‌ಎಯಿಂದ ರಾಥ್ ಐಆರ್‌ಎಗೆ (ಮೊದಲೇ ತೆರಿಗೆ ಕಟ್ಟಿ, ಮುಂದೆ ತೆರಿಗೆಯಿಲ್ಲದೆ ತೆಗೆಯಬಹುದಾದ ಖಾತೆ) ಪರಿವರ್ತಿಸಿತು ಎಂದುಕೊಳ್ಳಿ. ಎಜಿಐ ಸರಿಯಾಗಿ 2,00,000 ಆಗುತ್ತದೆ. ಮಿತಿಯನ್ನು ದಾಟಿದ 50,000ದ ಶೇಕಡಾ 6 ಎಂದರೆ 3,000. ತಲಾ 3,000 ಉಳಿದು ಒಟ್ಟು ಕಡಿತ 6,000. ತೆರಿಗೆ 24,294 ಬರಬೇಕು. 23,634 ಬಂದರೆ ಕಡಿತವನ್ನು ಇಡೀ ಮನೆಗೆ ಒಂದೇ ಸಲ ಇಳಿಸಲಾಗಿದೆ. ಇನ್ನೊಂದು ಸಾವಿರ ಡಾಲರ್ ಸೇರಿಸಿ ನೋಡಿದರೆ ಸರಿಯಾದ ಏರಿಕೆ 246 ಡಾಲರ್ 40 ಸೆಂಟ್, ಏಕೆಂದರೆ ಸಾವಿರದ ಜೊತೆಗೆ ಕರಗಿದ 120 ಡಾಲರ್ ಕಡಿತಕ್ಕೂ ಶೇಕಡಾ 22ರ ತೆರಿಗೆ ಬೀಳುತ್ತದೆ. ಬರೀ 220 ಬಂದರೆ ಕರಗುವ ನಿಯಮವನ್ನೇ ಬರೆದಿಲ್ಲ. 233 ಡಾಲರ್ 20 ಸೆಂಟ್ ಬಂದರೆ ಅರ್ಧ ಮಾತ್ರ ಬರೆದಿದ್ದಾರೆ.

ಸಂಗಾತಿ ತೀರಿಕೊಂಡ ನಂತರದ ವರ್ಷಗಳಲ್ಲೂ ಈ ನಿಯಮ ಬದಲಾಗಬೇಕು. ಮರಣದ ವರ್ಷಕ್ಕೆ ಜಂಟಿ ರಿಟರ್ನ್ ಸಲ್ಲುತ್ತದೆ, ಮುಂದಿನ ವರ್ಷದಿಂದ ಒಂಟಿ ಸ್ಲ್ಯಾಬ್, ಒಂದೇ 6,000, ಮಿತಿ 75,000. ಒಂಟಿಯಾಗಿ ಉಳಿದವರ ಎಜಿಐ ಒಂದು ಲಕ್ಷವಿದ್ದರೆ ಕಡಿತ 4,500 ಆಗಬೇಕು. ಪರಿಶೀಲನೆಗಾಗಿ ಒಬ್ಬರ ಆಯುಷ್ಯವನ್ನು 2026ಕ್ಕೆ ಮುಗಿಸಿ 2027ರ ಸಾಲನ್ನು ಓದಿ; ಹೀಗೆ ಬರೆಯಲು ಮನಸ್ಸಿಗೆ ಹಿತವಿಲ್ಲ, ಆದರೆ ಗಂಡನ ನಂತರ ಹೆಂಡತಿಯ ಕೈಗೆ ಎಷ್ಟು ಉಳಿಯುತ್ತದೆ ಎಂಬುದೇ ಅನೇಕ ಯೋಜನೆಗಳ ಮುಖ್ಯ ಪ್ರಶ್ನೆಯಾಗಿರುವುದರಿಂದ ಈ ಸಾಲನ್ನು ಬಿಟ್ಟುಬಿಡಬಾರದು.

ವಯಸ್ಸಿನ ಗಡಿಯಲ್ಲಿ ಎರಡು ಸೂಕ್ಷ್ಮಗಳಿವೆ. ವರ್ಷ ಮುಗಿಯುವುದರೊಳಗೆ 65 ತುಂಬಿರಬೇಕು. ಜನವರಿ 1ರಂದು ಹುಟ್ಟಿದವರನ್ನು ಹಿಂದಿನ ದಿನವೇ ವಯಸ್ಸು ತುಂಬಿದವರೆಂದು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಎಣಿಸುವುದರಿಂದ 2026ಕ್ಕೆ 1962ರ ಜನವರಿ 2ಕ್ಕಿಂತ ಮೊದಲು ಹುಟ್ಟಿದವರು ಅರ್ಹರು. ಹುಟ್ಟಿದ ವರ್ಷವನ್ನು ಮಾತ್ರ ಕೇಳುವ ತಂತ್ರಾಂಶ ಇಲ್ಲಿ ತಪ್ಪುತ್ತದೆ. ನಮ್ಮ ಕಡೆಯ ಹಿರಿಯರಲ್ಲಿ ಶಾಲೆಯ ದಾಖಲೆಯ ದಿನ ಒಂದು, ಮನೆಯಲ್ಲಿ ನೆನಪಿಟ್ಟ ದಿನ ಇನ್ನೊಂದು ಇರುವುದು ಸಾಮಾನ್ಯ. ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಯಾವ ದಿನಾಂಕ ನೋಂದಾಯಿತವಾಗಿದೆಯೋ ಅದನ್ನೇ ತುಂಬಬೇಕು. ಇನ್ನೊಂದು ಸಂಗತಿ, ಈ ಕಡಿತಕ್ಕೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕಡ್ಡಾಯ. ಸಂಗಾತಿಗೆ ಐಟಿಐಎನ್ (ಆ ಸಂಖ್ಯೆ ಇಲ್ಲದವರಿಗೆ ಕೊಡುವ ತೆರಿಗೆ ಗುರುತು ಸಂಖ್ಯೆ) ಮಾತ್ರ ಇದ್ದರೆ ಅವರ ಪಾಲಿನ 6,000 ಸಿಗುವುದಿಲ್ಲ.

2028, 2029, 2030: ಅಂಚಿನ ವರ್ಷಗಳು

ಹಿರಿಯರ ಕಡಿತ 2025ರಿಂದ 2028ರ ವರೆಗೆ ಮಾತ್ರ. ಹಣದುಬ್ಬರ ಸೊನ್ನೆ ಇಟ್ಟುಕೊಂಡರೆ ನಮ್ಮ ಕುಟುಂಬದ ತೆರಿಗೆ 2026, 2027, 2028ರಲ್ಲಿ 6,620 ಇದ್ದು 2029ರಲ್ಲಿ 8,060ಕ್ಕೆ ಏರಿ ಅಲ್ಲೇ ನಿಲ್ಲಬೇಕು. ತೆರಿಗೆಯ ಗ್ರಾಫ್‌ನಲ್ಲಿ 2026ಕ್ಕೆ ದೊಡ್ಡ ಮೆಟ್ಟಿಲು ಕಂಡರೆ ಹಳೆಯ ಗಡುವು ಇನ್ನೂ ಉಳಿದಿದೆ, 2029ಕ್ಕೆ ಮೆಟ್ಟಿಲೇ ಕಾಣದಿದ್ದರೆ ಹೊಸ ಗಡುವನ್ನು ಬರೆದಿಲ್ಲ.

ಸ್ಪ್ರೆಡ್‌ಶೀಟ್‌ಗಳಲ್ಲಿ ಈ ಎರಡನೆಯ ದೋಷ ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ವರ್ಷಗಳ ಕೋಷ್ಟಕದಲ್ಲಿ 2025, 2026, 2027, 2028 ಎಂಬ ನಾಲ್ಕು ಸಾಲು ಬರೆದು ಪ್ರತಿಯೊಂದರ ಮುಂದೆ 6,000 ತುಂಬಿರುತ್ತಾರೆ. ಕೋಷ್ಟಕವನ್ನು ಓದುವ ವಿಲುಕಪ್ (VLOOKUP) ಸೂತ್ರದ ಕೊನೆಯ ಅಂಶವನ್ನು ಬಿಟ್ಟಿರುತ್ತಾರೆ ಅಥವಾ ಟ್ರೂ ಎಂದು ಇಟ್ಟಿರುತ್ತಾರೆ. ಆಗ ಸೂತ್ರ ನಿಖರವಾದ ವರ್ಷ ಸಿಗದಿದ್ದರೆ ಅದಕ್ಕಿಂತ ಹಿಂದಿನ ಸಾಲನ್ನು ಎತ್ತಿಕೊಳ್ಳುತ್ತದೆ. 2029ನ್ನು ಕೇಳಿದರೂ, 2045ನ್ನು ಕೇಳಿದರೂ 2028ರ 6,000ವೇ ಬರುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಇರುವುದಿಲ್ಲ. ಪರಿಹಾರ ಸರಳವಾಗಿದೆ: 2029 ಎಂಬ ಐದನೆಯ ಸಾಲನ್ನು ಬರೆದು ಅದರ ಮುಂದೆ ಸೊನ್ನೆ ಇಡಬೇಕು. ಫಾಲ್ಸ್ ಎಂದು ಬದಲಿಸುವುದೂ ಒಂದು ದಾರಿಯೇ, ಆದರೆ ಆಗ ಮುಂದಿನ ವರ್ಷಗಳೆಲ್ಲ ದೋಷದ ಸಂಕೇತ ತೋರಿಸುತ್ತವೆ ಮತ್ತು ಅವಸರದಲ್ಲಿ ಯಾರಾದರೂ ಅದನ್ನು ಮುಚ್ಚಲು ಇನ್ನೊಂದು ತಪ್ಪು ಸೂತ್ರ ಸೇರಿಸುತ್ತಾರೆ. ಸೊನ್ನೆಯ ಸಾಲನ್ನೇ ನಾನು ಶಿಫಾರಸು ಮಾಡುತ್ತೇನೆ.

ಇದೇ ದೋಷ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತದಲ್ಲೂ ಬರುತ್ತದೆ. ಅದರ ಮಿತಿ 2025ಕ್ಕೆ 40,000, 2026ಕ್ಕೆ 40,400, ಬಳಿಕ 2029ರ ವರೆಗೆ ವರ್ಷಕ್ಕೆ ಶೇಕಡಾ 1ರ ಏರಿಕೆ, 2030ರಿಂದ ಮತ್ತೆ 10,000. ಆದಾಯ 2026ರಲ್ಲಿ 5,05,000 ದಾಟಿದರೆ ದಾಟಿದ ಮೊತ್ತದ ಶೇಕಡಾ 30ರಷ್ಟು ಮಿತಿ ಇಳಿಯುತ್ತದೆ, ಆದರೆ 10,000ಕ್ಕಿಂತ ಕೆಳಗೆ ಹೋಗುವುದಿಲ್ಲ. ಮನೆ ತೆರಿಗೆ ದುಬಾರಿಯಾದ ನ್ಯೂಜೆರ್ಸಿಯವರಿಗೆ ಇದು ಮುಖ್ಯ. ಎಜಿಐ 2,00,000 ಇರುವ ನಮ್ಮದೇ ದಂಪತಿ ಮನೆ ತೆರಿಗೆ ಮತ್ತು ರಾಜ್ಯ ತೆರಿಗೆ ಸೇರಿ 30,000 ಕಟ್ಟಿ ನಗದಾಗಿ ಅಲ್ಲದೆ ಷೇರುಗಳ ರೂಪದಲ್ಲಿ 8,000 ದಾನ ಕೊಡುತ್ತಾರೆ ಎಂದುಕೊಳ್ಳಿ. 2026ರಿಂದ ದಾನದ ಮೊದಲ ಭಾಗ, ಎಜಿಐಯ ಶೇಕಡಾ 0.5ರಷ್ಟು, ಕಡಿತಕ್ಕೆ ಸೇರದ ಕಾರಣ 1,000 ಹೋಗಿ 7,000 ಉಳಿಯುತ್ತದೆ. ಐಟಮೈಸ್ ಮಾಡಿದರೆ, ಅಂದರೆ ಇಂಥ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಕಳೆದರೆ 37,000, ಮಾಡದಿದ್ದರೆ 35,500. ಐಟಮೈಸ್ ಮಾಡುವುದೇ ಲಾಭ. 2030ರಲ್ಲಿ ಅದೇ ಮೊತ್ತ 17,000ಕ್ಕೆ ಕುಸಿಯುವುದರಿಂದ ತಂತ್ರಾಂಶ ತಾನಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್‌ಗೆ ಹೊರಳಬೇಕು.

ಈ ಹೋಲಿಕೆಯಲ್ಲಿ ಒಂದು ಹೊಂಚು ಇದೆ. ಹಿರಿಯರ ಕಡಿತ ಐಟಮೈಸ್ ಮಾಡಿದವರಿಗೂ ಸಿಗುತ್ತದೆ. ಆದರೆ ನವೀಕರಿಸಿದವರು ಅದನ್ನು ಸ್ಟ್ಯಾಂಡರ್ಡ್ ಡಿಡಕ್ಷನ್‌ನ ಕೋಶಕ್ಕೇ ಕೂಡಿಸಿಬಿಟ್ಟಿದ್ದರೆ ಹೋಲಿಕೆ 37,000 ಮತ್ತು 41,500ರ ನಡುವೆ ನಡೆದು, ತಂತ್ರಾಂಶ ತಪ್ಪು ದಾರಿ ಹಿಡಿಯುತ್ತದೆ. ಈ ಕುಟುಂಬಕ್ಕೆ 330 ಡಾಲರ್ ನಷ್ಟ ತೋರಿಸುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್‌ಗೆ ಅಂಟಿಕೊಂಡದ್ದು ತಲಾ 1,650 ಮಾತ್ರ. 6,000 ಅದರ ಹೊರಗಿನದು.

ಹಣದುಬ್ಬರವನ್ನು ಮತ್ತೆ ಸೇರಿಸಿದಾಗ

ಇಲ್ಲಿಯವರೆಗೆ ಎಲ್ಲ ಸರಿ ಬಂದಿದ್ದರೆ ಹಣದುಬ್ಬರವನ್ನು ಶೇಕಡಾ 2.5ಕ್ಕೆ ಇಟ್ಟು ದೂರದ ವರ್ಷಗಳನ್ನು ನೋಡಿ. ಸ್ಲ್ಯಾಬ್‌ಗಳು, ಸ್ಟ್ಯಾಂಡರ್ಡ್ ಡಿಡಕ್ಷನ್, ವಯಸ್ಸಿನ ಹೆಚ್ಚುವರಿ ಇವು ಹಣದುಬ್ಬರದೊಂದಿಗೆ ಬೆಳೆಯುತ್ತವೆ. ಹಿರಿಯರ 6,000 ಬೆಳೆಯುವುದಿಲ್ಲ, ಅದರ 75,000 ಮತ್ತು 1,50,000ದ ಮಿತಿಗಳೂ ಬೆಳೆಯುವುದಿಲ್ಲ. ಸೋಶಿಯಲ್ ಸೆಕ್ಯುರಿಟಿಯ ಜಂಟಿ ಮಿತಿಗಳಲ್ಲಿ 32,000 ಎಂಬುದು 1983ರ ಕಾನೂನಿನದು, 44,000 ಎಂಬುದು 1993ರದು; ಎರಡೂ ಅಂದಿನಿಂದ ಒಂದು ಡಾಲರ್ ಕದಲಿಲ್ಲ. ಹೂಡಿಕೆ ಆದಾಯದ ಹೆಚ್ಚುವರಿ ತೆರಿಗೆಯ 2,50,000 ಕೂಡ ಹಾಗೆಯೇ.

ಎಲ್ಲ ಮಿತಿಗಳನ್ನೂ ಒಂದೇ ಗುಣಕದಿಂದ ಬೆಳೆಸುವ ತಂತ್ರಾಂಶದಲ್ಲಿ 44,000 ಎಂಬುದು ಮೂವತ್ತು ವರ್ಷಕ್ಕೆ ಸುಮಾರು 92,000 ಆಗಿಬಿಡುತ್ತದೆ, ಮುದಿವಯಸ್ಸಿನ ತೆರಿಗೆ ಇರಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತದೆ. ಇಂದಿನ ಡಾಲರ್ ಮೌಲ್ಯದಲ್ಲಿ ಎಲ್ಲವನ್ನೂ ತೋರಿಸುವ ತಂತ್ರಾಂಶಗಳಲ್ಲಿ ಇದು ತಲೆಕೆಳಗಾಗಿ ಬರುತ್ತದೆ: ಬೆಳೆಯದ ಮಿತಿ ಅಲ್ಲಿ ವರ್ಷ ವರ್ಷ ಇಳಿಯಬೇಕು, ಮೂವತ್ತನೆಯ ವರ್ಷಕ್ಕೆ 44,000ದ ಜಾಗದಲ್ಲಿ ಸುಮಾರು 21,000 ಇರಬೇಕು. ಅಲ್ಲಿ 44,000 ಸ್ಥಿರವಾಗಿ ನಿಂತಿದ್ದರೆ ಅದೂ ದೋಷವೇ.

ಸ್ಟ್ಯಾಂಡರ್ಡ್ ಡಿಡಕ್ಷನ್‌ನ ಮೊದಲ ವರ್ಷವನ್ನೂ ನೋಡಿ. ಕಾನೂನಿಗೆ ಮುನ್ನ 2025ಕ್ಕೆ ಜಂಟಿ 30,000 ಪ್ರಕಟವಾಗಿತ್ತು, ಹೊಸ ಕಾನೂನು ಅದೇ ವರ್ಷಕ್ಕೆ 31,500 ಮಾಡಿತು, 2026ಕ್ಕೆ 32,200 ಆಯಿತು. 2026ರ ಸಾಲಿನಲ್ಲಿ 32,200ರ ಬದಲು ಬೇರೆ ಅಂಕಿ ಕಂಡರೆ ಪ್ರಕಟಿತ ಅಂಕಿಗೆ ಇನ್ನೊಮ್ಮೆ ಹಣದುಬ್ಬರ ಸೇರಿರಬಹುದು, ಇಲ್ಲವೇ 30,000ದಿಂದ ಬೆಳೆಸಿರಬಹುದು.

ಬದಲಾಗದ್ದನ್ನು ಬದಲಿಸಿದ ದೋಷಗಳು

ಸೋಶಿಯಲ್ ಸೆಕ್ಯುರಿಟಿಗೆ ಇನ್ನು ತೆರಿಗೆಯೇ ಇಲ್ಲ ಎಂಬ ಮಾತು 2025ರಲ್ಲಿ ವ್ಯಾಪಕವಾಗಿ ಹರಡಿತು. ಅದು ನಿಜವಲ್ಲ. ಹಿರಿಯರ ಕಡಿತದಿಂದ ಅನೇಕರ ತೆರಿಗೆ ಸೊನ್ನೆಯಾಗುತ್ತದೆ ಎಂಬುದು ಬೇರೆ ಮಾತು. ಸೋಶಿಯಲ್ ಸೆಕ್ಯುರಿಟಿಗೆ ತೆರಿಗೆ ಹಾಕುವ ನಿಯಮ ಹಾಗೆಯೇ ಇದೆ. ನಮ್ಮ ಕುಟುಂಬದಲ್ಲಿ ಎಜಿಐ 66,000 ಎಂದು ತೋರಿದರೆ ಯಾರೋ ಆ ಮಾತನ್ನು ನಂಬಿ ಸಂಕೇತ ಬರೆದಿದ್ದಾರೆ. ನಿಜವಾಗಿ ರದ್ದಾದದ್ದು ಇನ್ನೊಂದು: 2025ರ ಜನವರಿ 5ರಂದು ಸಹಿಯಾದ ಸೋಶಿಯಲ್ ಸೆಕ್ಯುರಿಟಿ ಫೇರ್‌ನೆಸ್ ಆ್ಯಕ್ಟ್, ಬೇರೆ ಪಿಂಚಣಿ ಪಡೆಯುವವರ ಸೋಶಿಯಲ್ ಸೆಕ್ಯುರಿಟಿಯನ್ನು ತಗ್ಗಿಸುತ್ತಿದ್ದ ಡಬ್ಲ್ಯುಇಪಿ ಮತ್ತು ಜಿಪಿಒ ಎಂಬ ಎರಡು ನಿಯಮಗಳನ್ನು ತೆಗೆದುಹಾಕಿತು. ಕರ್ನಾಟಕದಲ್ಲಿ ಸರ್ಕಾರಿ ನೌಕರಿ ಮಾಡಿ ಅಲ್ಲಿಯ ಪಿಂಚಣಿ ಪಡೆಯುತ್ತಾ, ನಂತರ ಇಲ್ಲಿ ದುಡಿದು ಸೋಶಿಯಲ್ ಸೆಕ್ಯುರಿಟಿ ಗಳಿಸಿದವರ ಯೋಜನೆಯಲ್ಲಿ ಡಬ್ಲ್ಯುಇಪಿ ಗುರುತು ಇನ್ನೂ ಇದ್ದರೆ ಅದನ್ನು ತೆಗೆಯಬೇಕು.

ಮೆಡಿಕೇರ್‌ನ ಹೆಚ್ಚುವರಿ ಕಂತು ಎರಡು ವರ್ಷ ಹಿಂದಿನ ಎಜಿಐ ಆಧಾರಿತ ಆದಾಯವನ್ನು ನೋಡುತ್ತದೆ. ಹಿರಿಯರ ಕಡಿತ ಅದನ್ನು ತಗ್ಗಿಸುವುದಿಲ್ಲ. ಪರೀಕ್ಷೆ: ಕಡಿತದ ಸ್ವಿಚ್ ಹಾಕಿ ತೆಗೆದು ನೋಡಿ, 2028ರ ಮೆಡಿಕೇರ್ ಕಂತು ಬದಲಾದರೆ ಸರಪಳಿಯ ಕೊಂಡಿ ತಪ್ಪಿದೆ.

65ಕ್ಕೆ ಮುನ್ನ ನಿವೃತ್ತರಾಗಿ ಎಸಿಎ ಎಂಬ, ಸರ್ಕಾರದ ಸಹಾಯಧನವಿರುವ ಆರೋಗ್ಯ ವಿಮೆ ಕೊಳ್ಳುವವರ ವಿಷಯದಲ್ಲಿ, 2021ರಿಂದ 2025ರ ವರೆಗಿದ್ದ ಹೆಚ್ಚಿನ ಸಹಾಯಧನವನ್ನು ಹೊಸ ಕಾನೂನು ಮುಂದುವರಿಸಲಿಲ್ಲ. ಇಬ್ಬರ ಕುಟುಂಬಕ್ಕೆ 2026ರ ವಿಮೆಗೆ ಬಡತನ ರೇಖೆಯ ನಾಲ್ಕು ಪಟ್ಟು ಎಂದರೆ 84,600 ಡಾಲರ್; ಆದಾಯ ಅದನ್ನು ದಾಟಿದರೆ ಸಹಾಯಧನವೇ ಇಲ್ಲ. ಎಲ್ಲ ವರ್ಷಗಳಿಗೂ ಆದಾಯದ ಶೇಕಡಾ 8.5 ಎಂಬ ಹಳೆಯ ಗರಿಷ್ಠ ಮಿತಿಯನ್ನೇ ಎಣಿಸುವ ತಂತ್ರಾಂಶ ಈ ಅಂಚನ್ನು ಕಾಣುವುದೇ ಇಲ್ಲ. ಆದಾಯವನ್ನು 84,000 ಮತ್ತು 85,000 ಇಟ್ಟು ವಿಮೆಯ ಖರ್ಚನ್ನು ಹೋಲಿಸಿ.

ರಾಥ್ ಪರಿವರ್ತನೆಯ ಸಲಹೆ ಬದಲಾಗದಿದ್ದರೆ

2025ಕ್ಕೆ ಮುಂಚೆ ತಂತ್ರಾಂಶಗಳು ದರ ಏರುವ ಮೊದಲು ದೊಡ್ಡ ಮೊತ್ತವನ್ನು ರಾಥ್‌ಗೆ ಪರಿವರ್ತಿಸಿ ಎಂದು ಸಲಹೆ ಕೊಡುತ್ತಿದ್ದವು. ನವೀಕರಿಸಿದ ಮೇಲೂ ಅದೇ ಸಲಹೆ ಬಂದರೆ ಅದು ದೋಷವೆಂದು ತಕ್ಷಣ ತೀರ್ಮಾನಿಸಬೇಡಿ. 1960 ಅಥವಾ ಅದರ ನಂತರ ಹುಟ್ಟಿದವರಿಗೆ 75ರಿಂದ ಕಡ್ಡಾಯ ಹಿಂಪಡೆತ ಶುರುವಾಗುತ್ತದೆ, ಸಂಗಾತಿ ಹೋದ ಮೇಲೆ ಒಂಟಿ ಸ್ಲ್ಯಾಬ್ ಕಿರಿದಾಗುತ್ತದೆ. ಈ ಎರಡು ಕಾರಣಗಳಿಂದ ಪರಿವರ್ತನೆ ಇಂದಿಗೂ ಲಾಭದಾಯಕವಾಗಿರಬಹುದು. ಖಚಿತಪಡಿಸಲು ಇಬ್ಬರ ಆಯುಷ್ಯವನ್ನೂ ಒಂದೇ ವರ್ಷಕ್ಕೆ ಇಟ್ಟು, ಐಆರ್‌ಎ ಮೊತ್ತವನ್ನು ಕಡ್ಡಾಯ ಹಿಂಪಡೆತ ನಗಣ್ಯವಾಗುವಷ್ಟು ತಗ್ಗಿಸಿ. ಆಗಲೂ ಮೊದಲ ವರ್ಷಗಳಲ್ಲೇ ಎಲ್ಲವನ್ನೂ ಪರಿವರ್ತಿಸು ಎಂದರೆ ಹಳೆಯ ದರ ಏರಿಕೆ ಎಲ್ಲೋ ಅಡಗಿದೆ. ಸರಿಯಾಗಿ ನವೀಕರಿಸಿದ ತಂತ್ರಾಂಶ 2028ರ ವರೆಗೆ 1,50,000 ಮತ್ತು 2,50,000ದ ನಡುವಿನ ಪಟ್ಟಿಯಲ್ಲಿ ಪರಿವರ್ತನೆಗೆ ಹಿಂಜರಿಯಬೇಕು, ಏಕೆಂದರೆ ಅಲ್ಲಿ ಶೇಕಡಾ 22 ಎಂಬುದು ವಾಸ್ತವದಲ್ಲಿ 24.64.

ರಾಜ್ಯದ ತೆರಿಗೆ ಕೊನೆಗೆ

ಫೆಡರಲ್ ಲೆಕ್ಕ ಪೂರ್ತಿ ಸರಿಯಾದ ಮೇಲಷ್ಟೇ ನಿಮ್ಮ ರಾಜ್ಯವನ್ನು ಮತ್ತೆ ಆರಿಸಿ. ಕ್ಯಾಲಿಫೋರ್ನಿಯಾ ಫೆಡರಲ್ ಎಜಿಐಯಿಂದ ಆರಂಭಿಸಿ ಸೋಶಿಯಲ್ ಸೆಕ್ಯುರಿಟಿಯನ್ನು ಪೂರ್ತಿ ಬಿಡುತ್ತದೆ, ಹಾಗಾಗಿ ಹಿರಿಯರ ಫೆಡರಲ್ ಕಡಿತ ಅಲ್ಲಿ ಏನನ್ನೂ ಬದಲಿಸಬಾರದು. ಕೊಲೊರಾಡೊ ಫೆಡರಲ್ ತೆರಿಗೆಗೆ ಒಳಪಡುವ ಆದಾಯದಿಂದ ಆರಂಭಿಸುತ್ತದೆ, ಆದ್ದರಿಂದ ಕಡಿತದ ಪರಿಣಾಮ ಅಲ್ಲಿಯ ಲೆಕ್ಕಕ್ಕೂ ಹರಿಯಬಹುದು. ಎಲ್ಲ ರಾಜ್ಯಗಳಿಗೂ ಒಂದೇ ಆರಂಭದ ಸಾಲನ್ನು ಬಳಸುವ ತಂತ್ರಾಂಶ ಎರಡರಲ್ಲಿ ಒಂದನ್ನು ತಪ್ಪಿಸುವುದು ಖಂಡಿತ.

ತಯಾರಕರಿಗೆ ವರದಿ ಕಳಿಸುವಾಗ

ಕೊಂಡ ತಂತ್ರಾಂಶದಲ್ಲಿ ದೋಷ ಸಿಕ್ಕರೆ ನಿಮ್ಮ ಸ್ವಂತ ಯೋಜನೆಯ ಕಡತವನ್ನು ಕಳಿಸಬೇಡಿ. ಅದರಲ್ಲಿ ನಿಮ್ಮ ಆಸ್ತಿಯ ವಿವರವೆಲ್ಲ ಇರುತ್ತದೆ, ದೋಷವೂ ಅದರೊಳಗೆ ಹೂತುಹೋಗುತ್ತದೆ. 67 ವರ್ಷದ ಈ ಕಾಲ್ಪನಿಕ ದಂಪತಿಯ ನಾಲ್ಕು ಅಂಕಿಗಳನ್ನು ಕೊಡಿ, ತಂತ್ರಾಂಶದ ಆವೃತ್ತಿ ಸಂಖ್ಯೆ ಬರೆಯಿರಿ, ಎಜಿಐ, ಕಡಿತಗಳು, ತೆರಿಗೆಗೆ ಒಳಪಡುವ ಆದಾಯ, ತೆರಿಗೆ ಈ ನಾಲ್ಕು ಸಾಲುಗಳಲ್ಲಿ ಯಾವ ಸಾಲಿನಿಂದ ನಿಮ್ಮ ಲೆಕ್ಕವೂ ತಂತ್ರಾಂಶದ ಲೆಕ್ಕವೂ ಬೇರೆಯಾಗುತ್ತವೆ ಎಂಬುದನ್ನು ಗುರುತಿಸಿ, ಸಾವಿರ ಡಾಲರ್ ಸೇರಿಸಿದಾಗ ಬಂದ ಏರಿಕೆಯನ್ನೂ ನಮೂದಿಸಿ. ಇಷ್ಟು ಮಾಹಿತಿ ಇದ್ದರೆ ಸಂಕೇತ ಬರೆದವರು ನೇರವಾಗಿ ಆ ಸಾಲಿಗೆ ಹೋಗಬಹುದು. ಅವರು ಸರಿಪಡಿಸಿದ ಆವೃತ್ತಿ ಬಂದಾಗ ಇದೇ ಪರೀಕ್ಷೆಗಳನ್ನು ಮೊದಲಿನಿಂದ ಓಡಿಸಿ, ಮತ್ತು ಮುಂದಿನ ವರ್ಷದ ಅಂಕಿಗಳನ್ನು ಐಆರ್‌ಎಸ್ ಪ್ರಕಟಿಸುವ ಪ್ರತಿ ಅಕ್ಟೋಬರ್–ನವೆಂಬರ್‌ನಲ್ಲಿ 32,200, 1,650, 24,800 ಈ ಮೂರು ಅಂಕಿಗಳನ್ನು ಬದಲಿಸಿ ಕಾಗದದ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳಿ.